ಮಾಲವ್ವನ ಹೆಸರು ಹಚ್ಚಿದರು

ದಾಂಡೇಲಿ
ತಾ. ೨೮-೬-೧೯೬೨

ಮಾಲವ್ವನ ಅಪ್ಪನವರಿಗೆ ಕಾಶೆವ್ವನ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಅಣಶಿ ಘಟ್ಟದಲ್ಲಿ ರಸ್ತೆಗೆ ಬಿದ್ದ ಮಣ್ಣು ತೆಗೆಯುವಾಗ ಹುಷಾರು. ಒದ್ದೆ ಕಂಬಳಿ ಹೊದ್ದು ಮಲಗಬೇಡಿ. ನಾವಿಬ್ಬರೂ ಆರಾಮ ಇದ್ದೇವೆ. ಬೇಸಿಗೆಯಲ್ಲಿ ನಮ್ಮ ಕೇರಿ ಸುಟ್ಟ ಮೇಲೆ ಸೇರಿದ ಕಟ್ಟಿಗೆ ಅಡ್ಡೆಯ ಚಪ್ಪರದಲ್ಲೇ ಇದ್ದೇವೆ. ಒಂದು ಮೂಲೆ ಸೋರುವುದಿಲ್ಲ, ಮಾಲವ್ವ ಅಲ್ಲಿ ಮಲಗುತ್ತಾಳೆ.

ಹೇಳಬೇಕಾದ ಸುದ್ದಿ ಎಂದರೆ ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಸುಲಭಕ್ಕೆ ಆಗಲಿಲ್ಲ ನೋಡಿ. ಐದನೆಯ ಇಯತ್ತೆಗೆ ಹೆಸರು ಹಚ್ಚಲು ಹೋದರೆ ಹೊಸ ಹೆಡ್‌ಮಾಸ್ತರರು, “ಮನಿ ಎಲ್ಲೈತಿ?” ಎಂದರು. ಸುಟ್ಟಿದೆ ಎಂದೆ. “ಹಂಗಾದ್ರ ಹೆಸರ ಹೆಂಗ ಹಚ್ಚೂದು? ಇವತ್ತ ಇಲ್ಲಿ, ನಾಳೆ ಎಲ್ಲೋ. ಮೊದಲ ಒಂದು ಮನಿ ನೋಡ್ಕೊಂಡು ಬರ್ರಿ” ಎಂದುಬಿಟ್ಟರು. ಮಾಲವ್ವ ಚಪ್ಪರಕ್ಕೆ ಬಂದ ಮೇಲೆ, “ಅವ್ವಾ, ನಾ ಪಾಸಾಗೇನಲ್ಲಾ?” ಎಂದು ಕೇಳಿದಳು.

ಮರುದಿನ ಅವಳ ತಲೆ ಬಾಚಿ ಕರೆದುಕೊಂಡು ಹೋಗಿ ಶಾಲೆಯ ಪಡಸಾಲೆಯಲ್ಲಿ ಕುಳಿತೆ. ದೊಡ್ಡವರೆದುರು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಆದರೂ ಮಾಸ್ತರರು ಎದ್ದು ಹೋಗಿರಿ ಎಂದಾಗ, “ಹೋಗೂದಾದ್ರೂ ಎಲ್ಲಿಗ್ರಿ? ಮನಿ ಇಲ್ಲಂತ ನೀವ ಹೇಳೀರಲ್ಲ” ಎಂದುಬಿಟ್ಟೆ. ಅಷ್ಟರಲ್ಲಿ ಗಿರಿಜಾಬಾಯಿ ಅಕ್ಕೋರು ಸೀಮೆಸುಣ್ಣ ಹಿಡಿದುಕೊಂಡೇ ತರಗತಿಯಿಂದ ಹೊರಗೆ ಬಂದರು. “ಸಾಲಿಗೆ ಬರೂದು ಹುಡುಗಿ ರೀ, ಮನಿ ಅಲ್ಲ. ವಿಳಾಸ ಬೇಕಂದ್ರ ನಂದು ಬರಕೊಳ್ರಿ. ಹೋದ ವರ್ಷ ಅಕಿಗೆ ನಾನ ಕಲಿಸೇನಿ” ಎಂದರು. ಮಾಸ್ತರರು ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡು, “ಒಳಗ ಹೋಗವಾ” ಎಂದರು. ನನ್ನ ಕಡೆ ತಿರುಗಿಯೂ ನೋಡದೆ ಓಡಿದಳು ನಿಮ್ಮ ಮಗಳು! ನಾನು ಕಂಬ ಹಿಡಿದುಕೊಂಡು ಅತ್ತೆ.

ಪುಸ್ತಕ ತೊಯ್ಯಬಾರದೆಂದು ಅಕ್ಕೋರು ತಮ್ಮ ಕಪಾಟಿನಲ್ಲೇ ಇಡಿಸಿದ್ದಾರೆ. ಶಾಲೆ ಬಿಟ್ಟ ಮೇಲೂ ಅಲ್ಲೇ ಓದಿಕೊಂಡು ಬರುತ್ತಾಳೆ. ಊಟ ಮಾಡುತ್ತ ನದಿಗಳ ಹೆಸರು ಹೇಳಿ ಹೇಳಿ ನನಗೂ ಬಾಯಿಪಾಠವಾಗಿವೆ. ಬೇಸಿಗೆಯಿಂದ ಎದೆಯ ಮೇಲಿದ್ದ ಭಾರ ಇಳಿದಿದೆ. ನೀವೂ ನೆಮ್ಮದಿಯಿಂದ ಉಣ್ಣಿರಿ. ಶಿವ ನಿಮ್ಮನ್ನು ಕಾಯಲಿ.

ನಿಮ್ಮ
ಕಾಶೆವ್ವ

ತಾ.ಕ.: ಈ ಕಾಗದ ಒಯ್ಯುವ ಲಾರಿಯ ಲಗಮಪ್ಪ ಹಾರ್ನ್ ಹಾಕುತ್ತಿದ್ದಾನೆ. ನೀವು, ಘಟ್ಟದ ಕ್ಯಾಂಪಿನಲ್ಲಿ ಕೆಲಸದವರಿಗೆ ಖೋಲಿ ಸಿಕ್ಕಿದೆ, ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದಿರಿ. ಆ ಕ್ಯಾಂಪಿನ ಹತ್ತಿರ ಶಾಲೆ ಇಲ್ಲವಂತೆ. ಸಿಟ್ಟಾಗಬೇಡಿ, ನಾವು ಬರುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ನಮಗೆ ಈ ಚಪ್ಪರವೇ ಸಾಕು. ನೋಡಬೇಕೆನಿಸಿದರೆ ನೀವೇ ಬನ್ನಿ.