ಬಾಯಿಗೆ ಬಿಟ್ಟ ನೀರು

ಬಳ್ಳಾರಿ, ಆಸ್ಪತ್ರೆಯ ಹೆಂಗಸರ ವಾರ್ಡು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಜಯಕ್ಕ ಸರಿಯಾಗಿ ಉಣ್ಣುತ್ತಿದ್ದಾಳಾ, ಕೂಸಿಗೆ ಹಾಲು ಸಾಲುತ್ತಿದೆಯಾ? ನಿನ್ನ ಮೊಣಕಾಲು ನೋವು? ಸಿರುಗುಪ್ಪದಲ್ಲಿ ಬಾಣಂತನ ಮಾಡುತ್ತಲೇ ಮೊನ್ನೆಯಿಂದ ಅಳುತ್ತಿದ್ದೀಯಂತೆ. ಅಳು ನಿಲ್ಲಿಸು. ಅಜ್ಜಿ ಬದುಕಿದ್ದಾಳೆ. ಫೋನಿನಲ್ಲಿ ಎಷ್ಟು ಹೇಳಿದರೂ "ನನ್ನ ಸಮಾಧಾನಕ್ಕ ಸುಳ್ಳು ಹೇಳ್ತಿ, ಬರದು ಕಳಸು" ಅಂದೆಯಲ್ಲ, ಅದಕ್ಕೇ ಭಾವನ ತಮ್ಮ ಹುಲುಗೇಶನ ಕೈಯಲ್ಲಿ ಈ ಕಾಗದ. ಬರೆದದ್ದರಲ್ಲಿ ನಾನು ಸುಳ್ಳಾಡುವುದಿಲ್ಲವೆಂದು ನಿನಗೆ ಗೊತ್ತು.

ನೀನು ಹೋದ ಮೇಲೆ ಅಜ್ಜಿಗೆ ಜ್ವರ ಬಂತು, ಗಂಜಿಯನ್ನೂ ಬಿಟ್ಟಳು. ಎಲ್ಲರೂ ವಯಸ್ಸು ಅಂದರು. ನನಗೆ ಸಿಟ್ಟು ಬಂತು. ವಯಸ್ಸು ಒಂದು ರೋಗವೇ? ಬ್ರೂಸ್‌ಪೇಟೆಯಲ್ಲಿ ಹಂಚಿದ್ದ ಆರೋಗ್ಯದ ಕರಪತ್ರ ನನ್ನ ಚೀಲದಲ್ಲಿತ್ತು. ಒಲೆ ಹಚ್ಚಲು ನೀನು ಕೇಳಿದ್ದೆಯಲ್ಲ, ಅದೇ. ಹಾಸಿಗೆ ಹಿಡಿದವರ ಬಾಯಿ ಶುಚಿ ಮಾಡದಿದ್ದರೆ ಅಲ್ಲಿನ ಕೊಳೆ ಶ್ವಾಸಕೋಶಕ್ಕೆ ಇಳಿದು ಜ್ವರ ತರಬಹುದು ಎಂದಿತ್ತು. ಟಾರ್ಚ್ ಹಿಡಿದು ನೋಡಿದೆ. ನಾಲಿಗೆ ತುಂಬ ಬಿಳಿ ಪದರ, ತುಟಿ ಬಿರಿದು ರಕ್ತ. ಬಿಪಿ, ಸಕ್ಕರೆ ಎಲ್ಲ ದಿನಾ ನೋಡುತ್ತಾರೆ, ಬಾಯಿ ಮಾತ್ರ ಯಾರಿಗೂ ಸೇರಿದ್ದಲ್ಲ! ಡಾಕ್ಟರ ಹತ್ತಿರ ಜಗಳಕ್ಕೇ ಹೋದೆ. ಅವರು ನೋಡಿ ಔಷಧಿ ಬರೆದರು. ತಲೆ ಎತ್ತರಿಸಿ, ಮಗ್ಗುಲಾಗಿಸಿ, ಒದ್ದೆ ಬಟ್ಟೆಯಿಂದ ಒರೆಸುವುದನ್ನು ನರ್ಸಕ್ಕ ಕಲಿಸಿದಳು.

ಮೊನ್ನೆ ಹಾಗೆ ಒರೆಸುತ್ತಿದ್ದಾಗಲೇ ಅಜ್ಜಿಯ ತಂಗಿ ಉಚ್ಚಂಗೆಮ್ಮ ಕುರುಗೋಡಿನಿಂದ ಬಂದಳು. ನಾನು ಬಾಯಿಗೆ ನೀರು ಹಚ್ಚುವುದನ್ನು ಬಾಗಿಲಿಂದಲೇ ಕಂಡು ಕಡೆಯ ನೀರು ಎಂದುಕೊಂಡಳು. "ಯಕ್ಕಾ, ನನ್ನ ಬಿಟ್ಟು ಹೊಂಟ್ಯಾ!" ಎಂದು ಹೊರಗೋಡಿ ನಿನಗೂ ಊರಿಗೂ ಫೋನ್ ಮಾಡಿಸಿಬಿಟ್ಟಳು. ಸಂಜೆಯೊಳಗೆ ಕುರುಗೋಡಿನಿಂದ ಟೆಂಪೋ ತುಂಬ ಜನ, ಹೂವಿನ ಹಾರದ ಸಮೇತ! ಗದ್ದಲಕ್ಕೆ ಅಜ್ಜಿ ಕಣ್ಣು ಬಿಟ್ಟು, ಎಷ್ಟೋ ದಿನದ ಮೇಲೆ ಸ್ಪಷ್ಟವಾಗಿ ಕೇಳಿದಳು: "ಲೇ ಉಚ್ಚಂಗಿ, ಯಾರ್ ಸತ್ತಾರಲೇ?" ಉಚ್ಚಂಗೆಮ್ಮ ಹಾರ ಕಸಿದು ಸೆರಗಿನೊಳಗೆ ಮುಚ್ಚಿಕೊಂಡು, "ಯಾರೂ ಇಲ್ಲ ಬಿಡಬೇ, ನಿನ್ನ ಮಾತಾಡ್ಸಾಕ ಬಂದೀವಿ" ಅಂದಳು.

ಜ್ವರ ಇಳಿದಿದೆ. ಇವತ್ತು ಬೆಳಿಗ್ಗೆ ಬಟ್ಟಲು ಗಂಜಿ ಕುಡಿದು, "ಉಪ್ಪು ಕಡಿಮಿ ಐತಿ, ನಿಮ್ಮವ್ವ ಇದನ್ನೂ ಕಲಿಸಿಲ್ಲೇನು" ಎಂದು ಬೈದಳು. ಆ ಬೈಗುಳ ಕೇಳಿ ನಾನು ವರಾಂಡದಲ್ಲಿ ನಿಂತು ಅತ್ತುಬಿಟ್ಟೆ ಅವ್ವಾ. ಈಗ ನರ್ಸಕ್ಕನನ್ನು ಕೇಳಿಕೊಂಡು ಉಳಿದ ಹಾಸಿಗೆಗಳವರಿಗೂ ಬಾಯಿ ಒರೆಸುವುದನ್ನು ಹೇಳಿಕೊಡುತ್ತಿದ್ದೇನೆ. ಇದು ದಯೆಯಲ್ಲ, ಮುದುಕರ ಹಕ್ಕು. ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ: "ಒಳಗೆ ಬಾಯಿ ಒರೆಸುತ್ತಿದ್ದೇವೆ. ಯಾರೂ ಅಳಬೇಡಿ."

ಜಯಕ್ಕನಿಗೆ, ಭಾವನಿಗೆ ನನ್ನ ನೆನಪು, ಕೂಸಿಗೆ ಮುತ್ತು. ಅಜ್ಜಿಯ ಆಶೀರ್ವಾದ, ಬೈಗುಳದ ಸಮೇತ. ಜೈಭೀಮ್.

ನಿನ್ನ
ಹೇಮಾ

ತಾ.ಕ.: ಹುಲುಗೇಶ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ಆಸ್ಪತ್ರೆಗೆ ಸೇರಿಸಿದ ದಿನ ಅಜ್ಜಿಯ ಬಾಯಿಂದ ತೆಗೆದು ನಿನ್ನ ಕೈಗೆ ಕೊಟ್ಟ ಹಲ್ಲಿನ ಸೆಟ್ಟು ನಿನ್ನ ಚೀಲದಲ್ಲೇ ಸಿರುಗುಪ್ಪಕ್ಕೆ ಬಂದಿದೆ. ಸುದ್ದಿ ಕೇಳಿ ನೀನು ಅದನ್ನು ದೇವರ ಮುಂದಿಟ್ಟು ದೀಪ ಹಚ್ಚಿದ್ದೀಯೆಂದು ಜಯಕ್ಕ ಹೇಳಿದಳು. ಕುಂಕುಮ ಚೆನ್ನಾಗಿ ತೊಳೆದು, ನೀರು ಹಾಕಿದ ಡಬ್ಬಿಯಲ್ಲಿಟ್ಟು ಇವನ ಕೈಯಲ್ಲೇ ಕಳಿಸು. ಅಜ್ಜಿ ರೊಟ್ಟಿ ಕೇಳುತ್ತಿದ್ದಾಳೆ. ಪೂಜೆಯ ಸಂಗತಿ ಅವಳಿಗೆ ಇನ್ನೂ ಹೇಳಿಲ್ಲ. ನಗಲಿಕ್ಕೆ ಮೊದಲು ಹಲ್ಲು ಬರಲಿ.