ಚಿಗರಿ ಮರಿಯ ಫೋಟೋ

ಅಪ್ಪಾ,

ನೀನು ನೋಡದೆ ಹೋದ ನಿನ್ನ ಅಳಿಯನ ಜೊತೆ, ಮದುವೆಯಾದ ಮೂರನೇ ವಾರ, ಅಂದರೆ ಮೊನ್ನೆ, ನೀನು ಕುರಿ ಮೇಯಿಸುತ್ತಿದ್ದ ಮಕ್ತಲ್ ಕಡೆಯ ಕುರುಚಲು ಕಾಡಿಗೆ ಹೋಗಿದ್ದೆ. ಎಷ್ಟೊಂದು ಫೋಟೋ ತೆಗೆದೆವು ಗೊತ್ತಾ? ತಂಗಡಿ ಹೂ, ನವಿಲು, ಕೊನೆಗೆ ಹುಲ್ಲಿನಲ್ಲಿ ಅಡಗಿ ಮಲಗಿದ್ದ ಪುಟ್ಟ ಚಿಗರಿ ಮರಿ, ಕೃಷ್ಣಮೃಗದ್ದು. ಖುಷಿ ತಡೆಯಲಾಗದೆ ಇನ್‌ಸ್ಟಾದಲ್ಲಿ ಹಾಕಿಬಿಟ್ಟೆ.

ಇವತ್ತು ಬೆಳಿಗ್ಗೆ ಮತ್ತೆ ಹೋದರೆ ಮರಿ ಇಲ್ಲ. ಹುಲ್ಲಿನ ಮೇಲೆ ಬೈಕಿನ ಗುರುತು, ಪಕ್ಕದಲ್ಲಿ ತಂತಿಯ ಉರುಲು. ತಾಯಿ ಚಿಗರಿ ಅಲ್ಲೇ ಸುತ್ತುತ್ತಿತ್ತು.

ಚಿಕ್ಕವಳಿದ್ದಾಗ ನಾನು ಎಷ್ಟು ಕಾಡಿದರೂ ನೀನು, "ಮರಿ ಮಲಗಿದ್ ಜಾಗ ಯಾರಿಗೂ ಹೇಳಬಾರ್ದವ್ವ, ನಿನಗೂ ಇಲ್ಲ" ಎನ್ನುತ್ತಿದ್ದೆ.

"ಯಾರರ ನೋಡಿರ್ತಾರ ಬಿಡು, ನೀ ಯಾಕ ಅಳ್ತಿ?" ಎಂದರು ಇವರು.

ಇವರು ನನ್ನ ಫೋನ್ ನೋಡಿಲ್ಲ. ಫೋಟೋ ಕೆಳಗೆ, ಮರಿ ಎಲ್ಲಿ ಸಿಕ್ಕಿತೆಂದು ಕೇಳಿದ ಒಬ್ಬೊಬ್ಬರಿಗೂ ದಾರಿ ಬರೆದಿದ್ದೇನೆ ಅಪ್ಪಾ.