ಸಡಿಲವಾದ ಹಸಿರು ಬಳೆ

ಜನವರಿ 9, ಶುಕ್ರವಾರ

ಇಡೀ ವಿಜಯನಗರ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದೆ, ನಾನೊಬ್ಬಳು ಬೆವರಿನಲ್ಲಿ ತೊಯ್ದು ತೊಪ್ಪೆ. ಫ್ಯಾನು ಐದರಲ್ಲಿದೆ. ನನ್ನ ಮುದ್ದು ಪ್ರಮೋದ ಫ್ಯಾನು ಆರಿಸು ಎನ್ನದೆ ಎರಡು ರಗ್ಗು ಹೊದ್ದು ಮಲಗಿದ್ದಾನೆ. ಇಂಥ ಗಂಡ ಯಾರಿಗುಂಟು?

ಎದೆ ಸದಾ ಡವಡವ, ಎಷ್ಟು ತಿಂದರೂ ಹಸಿವು. ಅತ್ತೆ ಪಕ್ಕದ ಮನೆ ಕಲಾ ಆಂಟಿಗೂ ಸಿಹಿಸುದ್ದಿ ಹೇಳಿಬಿಟ್ಟಿದ್ದಾರೆ. "ಬಸುರೀಲಿ ಮೈ ಬಿಸಿ ಇರತ್ತೆ ಕಣಮ್ಮ, ನಂಗೂ ಹಿಂಗೇ ಆಗಿತ್ತು" ಎಂದು ಬೆಳಿಗ್ಗೆ ಇನ್ನೊಂದು ಒಬ್ಬಟ್ಟು ಬಡಿಸಿದರು. ಅದನ್ನೂ ತಿಂದು ಮುಗಿಸಿದೆ.

ಸಂಜೆ ಯಾರಿಗೂ ಹೇಳದೆ ಡಾಕ್ಟರ್ ಹತ್ತಿರ ಹೋದೆ. ಟೆಸ್ಟ್ ಮಾಡಿಸಿ ಬಸುರಲ್ಲ ಎಂದರು. ಆಮೇಲೆ ತಾಳಿ ಸರ ಸರಿಸಲು ಹೇಳಿ, ನೀರು ಕುಡಿಸಿ, ಕತ್ತು ಮುಟ್ಟಿ ನೋಡಿದರು.

"ಥೈರಾಯ್ಡ್ ಜಾಸ್ತಿ ಇರೋ ಹಾಗಿದೆಯಮ್ಮ, ಅದಕ್ಕೇ ಈ ಬೆವರು, ಹಸಿವು. ರಕ್ತ ಕೊಟ್ಟು ಹೋಗಿ. ತೂಕ ಇಳಿದಿದ್ಯಾ?"

"ಇಲ್ಲ ಡಾಕ್ಟರ್, ಅಷ್ಟು ತಿಂತೀನಿ."

ಮನೆಗೆ ಬಂದು ಕೈ ತೊಳೆಯುವಾಗ, ಮದುವೆಗೆ ಬಳೆಗಾರ ಸೋಪು ಹಚ್ಚಿ ನನ್ನನ್ನು ಅಳಿಸಿ ತೊಡಿಸಿದ್ದ ಹಸಿರು ಬಳೆಗಳು ತಾವಾಗಿಯೇ ಬೆರಳವರೆಗೆ ಜಾರಿದವು. ಅತ್ತೆಗೆ ಕಾಣದಿರಲೆಂದು, ಬಳೆ ಜಾರದ ಹಾಗೆ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದೇನೆ.

ರಿಪೋರ್ಟ್ ನಾಳೆ ಬರುತ್ತದೆ. ಪ್ರಮೋದನನ್ನು ಈಗಲೇ ಎಬ್ಬಿಸಿ ಹೇಳಿಬಿಡಲೇ? ಅವನೂ ಅಪ್ಪನಾಗುತ್ತೇನೆಂದು ನಂಬಿಕೊಂಡೇ ನಿದ್ದೆ ಹೋಗಿದ್ದರೆ?